ಐವತ್ತನೇ ವರ್ಷದ ಕೊಂಬು

ಜುಬಿಲಿ ಅಂದ್ರೆ ನಮಗೆ ಶಾಮಿಯಾನ, ಶಾಲು, ಸ್ಮರಣ ಸಂಚಿಕೆ. ಆದರೆ ಆ ಪದದ ಮೂಲ ಹೀಬ್ರೂವಿನ 'ಯೋವೆಲ್', ಅಂದರೆ ಟಗರಿನ ಕೊಂಬು. ಯೆಹೂದಿಗಳ ತೋರಾ ಪ್ರಕಾರ ಪ್ರತಿ ಐವತ್ತನೇ ವರ್ಷ, ಪ್ರಾಯಶ್ಚಿತ್ತದ ದಿನ, ಕೊಂಬು ಊದಬೇಕು. ಊದಿದ ಮೇಲೆ ಸಾಲಕ್ಕೆ ಜೀತಕ್ಕಿದ್ದವನು ಮನೆಗೆ ಹೋಗ್ತಾನೆ, ಕಷ್ಟಕ್ಕೆ ಮಾರಿದ ಹೊಲ ಮೂಲ ಮನೆತನಕ್ಕೆ ವಾಪಸ್ ಬರುತ್ತೆ. ಹಾಗಾಗಿ ಅಲ್ಲಿ ಹೊಲ ಮಾರೋದು ಅಂತಲೇ ಇಲ್ಲ; ಮುಂದಿನ ಕೊಂಬಿನವರೆಗಿನ ಬೆಳೆಗಳನ್ನಷ್ಟೇ ಮಾರೋದು. ಹತ್ತು ಬೆಳೆ ಉಳಿದಿದ್ದರೆ ಹತ್ತು ಬೆಳೆಯ ರೇಟು. ಯಾಕಂದ್ರೆ ಭೂಮಿ ದೇವರದು, ನಾವೆಲ್ಲ ಬಂದು ಕೂತ ಪರದೇಶಿಗಳು.

ಭೂಮಿ ದೇವರದು ಅನ್ನೋ ಮಾತು ನಮ್ಮ ಕಡೆಗೆ ಹೊಸದಲ್ಲ. ವಿಜಯನಗರದ ಅರಸರು ಶಾಸನಗಳಿಗೆ 'ಶ್ರೀ ವಿರೂಪಾಕ್ಷ' ಅಂತಲೇ ರುಜು ಹಾಕ್ತಿದ್ರು. ಆದರೆ ದೇವರ ಹೆಸರಲ್ಲಿ, ದೊರೆಯ ಹೆಸರಲ್ಲಿ ಇದ್ದ ಹೊಲ ಉಳುವವನ ಕೈಗೆ ಬರಲಿಲ್ಲ. ಟಿ.ಬಿ. ಡ್ಯಾಮಿನಿಂದ ಗುಡ್ಡದಾಚೆ ಸಂಡೂರಿನಲ್ಲಿ 1973ರಲ್ಲಿ ಇನಾಂ ಭೂಮಿಯ ರೈತರು ಹೋರಾಟಕ್ಕಿಳಿದದ್ದು ಅದಕ್ಕೇ. ಸಮಾಜವಾದಿಗಳು ಜೊತೆಗೆ ನಿಂತರು. ಆಗ ಮುಖ್ಯಮಂತ್ರಿ ದೇವರಾಜ ಅರಸು. ಹಣಕಾಸು ಮಂತ್ರಿ ಯಾರು ಗೊತ್ತಾ? ಸಂಡೂರು ರಾಜಮನೆತನದವರೇ ಆದ ಎಂ.ವೈ. ಘೋರ್ಪಡೆ!

ನಮ್ಮ ಕೊಂಬು ಊದಿದ್ದು 1974ರ ಮಾರ್ಚ್ 1ಕ್ಕೆ. ಅವತ್ತು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಹೊಲಗಳು ಸರ್ಕಾರಕ್ಕೆ ಸೇರಿದವು, ಫಾರಂ ನಂ. 7 ತುಂಬಿದ ಗೇಣಿದಾರ ನ್ಯಾಯಮಂಡಳಿ ಮುಂದೆ ನಿಂತು ತನ್ನ ಹಕ್ಕು ಕೇಳಿದ. 1976ರಲ್ಲಿ ರಾಜ್ಯದ ಋಣಪರಿಹಾರ ಕಾಯ್ದೆ, ಅದೇ ವರ್ಷ ಕೇಂದ್ರದ ಜೀತ ರದ್ದತಿ ಕಾಯ್ದೆ. ಹೊಲ, ಸಾಲ, ಜೀತ, ಮೂರೂ ಬಂತು. ಗೇಣಿಯೂ ಇಲ್ಲದ ಕೂಲಿಯವನಿಗೆ ಮಾತ್ರ ಹೆಚ್ಚೇನೂ ದಕ್ಕಲಿಲ್ಲ.

ಒಂದು ದೊಡ್ಡ ವ್ಯತ್ಯಾಸ ಇದೆ. ಅರಸು ಕಾನೂನು ಗೇಣಿದಾರನನ್ನ ಒಡೆಯ ಮಾಡ್ತು. ತೋರಾ ಒಡೆಯನನ್ನೇ ಗೇಣಿದಾರ ಮಾಡುತ್ತೆ. ಹೊಲ ಮತ್ತೆ ಕೆಲವರ ಕೈ ಸೇರುತ್ತೆ ಅಂತ ಗೊತ್ತಿದ್ದೇ ಐವತ್ತು ವರ್ಷಕ್ಕೊಮ್ಮೆ ಊದು ಅಂದಿದ್ದು ಅನ್ಸುತ್ತೆ ನನಗೆ. ಎಲ್ಲ ಕುಲಗಳೂ ತಮ್ಮ ನೆಲದಲ್ಲಿದ್ದರೆ ಮಾತ್ರ ಜುಬಿಲಿ ಅಂತ ರಬ್ಬಿಗಳು ಹೇಳಿದ್ದರಿಂದ ಅವರಲ್ಲೂ ಅದು ನಿಂತು ಎರಡು ಸಾವಿರ ವರ್ಷದ ಮೇಲಾಯ್ತು, ಆ ಮಾತು ಬೇರೆ.

ನಮ್ಮ ಐವತ್ತನೇ ವರ್ಷ 2024. ಸದ್ದಿಲ್ಲದೆ ಹೋಯ್ತು. ಅಷ್ಟೊತ್ತಿಗೆ, 2020ರಲ್ಲೇ, 79ಎ, 79ಬಿ ಕಲಂಗಳನ್ನ ತೆಗೆದಿದ್ರು. ಈಗ ಎಷ್ಟೇ ಸಂಬಳದವರೂ, ರೈತರಲ್ಲದವರೂ ಹೊಲ ಕೊಳ್ಳಬಹುದು. ಅಂದ್ರೆ ನಾವು. ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಗೆಳೆಯನೊಬ್ಬ ಕೇಳಿದ, "ನಿಮ್ಮ ಕಂಪ್ಲಿ ಕಡೆ ಕಾಲುವೆ ಕೆಳಗಿನ ಗದ್ದೆ ಎಕರೆಗೆ ಏನು ರೇಟು?"

"ಎಷ್ಟು ಬೆಳೆಗೆ?" ಅಂದೆ. ಅವನಿಗೆ ಅರ್ಥ ಆಗಲಿಲ್ಲ.