ಆಡುಸೋಗೆ: ಶ್ವಾಸನಾಳದ ಸ್ನಾಯುಗಳ ಮೇಲಿನ ಪರಿಣಾಮ ಹಾಗೂ ಗರ್ಭಿಣಿಯರಿಗೆ ಎಚ್ಚರಿಕೆ

ಸಂಸ್ಕೃತ ಹೆಸರುಗಳು: ವಾಸಾ, ವಾಸಕ, ವೃಷ, ಸಿಂಹಾಸ್ಯ
ಸಸ್ಯಶಾಸ್ತ್ರೀಯ ಹೆಸರು: ಜಸ್ಟೀಷಿಯಾ ಅಢತೋಡ
ಉಪಯುಕ್ತ ಭಾಗಗಳು: ಎಲೆ, ಬೇರು, ಹೂವು

ಬೇಲಿಯಂಚಿನಲ್ಲಿ ಪೊದೆಯಾಗಿ ಬೆಳೆಯುವ ಆಡುಸೋಗೆಯು ನಮ್ಮ ನಾಡಿನ ಜನರಿಗೆ ಚಿರಪರಿಚಿತ ಗಿಡ. ಇದರ ಎಲೆಗಳು ಕಹಿಯಾಗಿದ್ದು, ಆಡುಗಳು ಸಾಮಾನ್ಯವಾಗಿ ಇದನ್ನು ಮೇಯುವುದಿಲ್ಲ. ನೇರಳೆ ಗೆರೆಗಳಿರುವ ಬಿಳಿ ಹೂವು ಬಾಯ್ದೆರೆದ ಸಿಂಹದ ಮುಖದಂತೆ ಕಾಣುವುದರಿಂದ ಸಿಂಹಾಸ್ಯವೆಂಬ ಹೆಸರು ಬಂದಿದೆ.

ಆಯುರ್ವೇದದಲ್ಲಿ ಕಾಸ, ಶ್ವಾಸ ಮತ್ತು ರಕ್ತಪಿತ್ತಗಳಿಗೆ ವಾಸಾ ಪ್ರಮುಖ ಔಷಧಿಯಾಗಿದೆ. ಎಲೆಯನ್ನು ಹಾಗೆಯೇ ಜಜ್ಜಿದರೆ ರಸ ಸುಲಭವಾಗಿ ಬಾರದು. ಆದುದರಿಂದ ಪುಟಪಾಕ ವಿಧಾನದಿಂದ ಬಿಸಿ ಮಾಡಿ ಸ್ವರಸವನ್ನು ಹಿಂಡಿ ತೆಗೆಯಲಾಗುತ್ತದೆ. ಮನೆಗಳಲ್ಲಿ ಎಲೆಯನ್ನು ಬಾಡಿಸಿ ಹಿಂಡುವ ರೂಢಿಗೂ ಇದೇ ಕಾರಣ.

ಶ್ವಾಸನಾಳಗಳ ಗೋಡೆಯಲ್ಲಿ ನಮ್ಮ ಇಚ್ಛೆಗೆ ಒಳಪಡದ ನಯ ಸ್ನಾಯುಗಳಿವೆ. ಉಬ್ಬಸದಲ್ಲಿ ಇವು ಬಿಗಿದುಕೊಂಡು ಗಾಳಿಯ ದಾರಿ ಕಿರಿದಾಗುತ್ತದೆ. 1888ರಲ್ಲಿ ಡೇವಿಡ್ ಹೂಪರ್ ಅವರು ಆಡುಸೋಗೆಯ ಎಲೆಯಿಂದ ವಾಸಿಸಿನ್ ಎಂಬ ಕ್ಷಾರಾಭವನ್ನು ಬೇರ್ಪಡಿಸಿದರು. ವಾಸಿಸಿನ್ ಗಾಳಿಗೆ ಒಡ್ಡಿಕೊಂಡಾಗ ಆಮ್ಲಜನಕದೊಡನೆ ಸೇರಿ ವಾಸಿಸಿನೋನ್ ಆಗಿ ಮಾರ್ಪಡುತ್ತದೆ. ಈ ವಾಸಿಸಿನೋನ್ ಶ್ವಾಸನಾಳದ ಸ್ನಾಯುಗಳನ್ನು ಸಡಿಲಿಸುತ್ತದೆ ಎಂಬುದು 1959ರಲ್ಲಿ ಪ್ರಕಟವಾಯಿತು. ಕಫವನ್ನು ತೆಳುವಾಗಿಸಲು ಇಂದು ಕೆಮ್ಮಿನ ಸಿರಪ್‌ಗಳಲ್ಲಿ ಬಳಸುವ ಬ್ರೋಮ್‌ಹೆಕ್ಸಿನ್ ಕೂಡ ವಾಸಿಸಿನ್‌ನ ರಚನೆಯನ್ನು ಆಧರಿಸಿ ತಯಾರಾದುದು. ಬೇಲಿಯ ಗಿಡವೆಂದು ಕಡೆಗಣಿಸುವವರು ಇದನ್ನು ಗಮನಿಸಬಹುದು.

ಆದರೆ ಇದೇ ಎಲೆಯ ಸಾರವು ದೇಹದ ಎಲ್ಲ ಸ್ನಾಯುಗಳನ್ನೂ ಸಡಿಲಿಸುತ್ತದೆ ಎಂದು ಭಾವಿಸುವುದು ಅಪಾಯಕರ. ವಾಸಿಸಿನ್ ಗರ್ಭಾಶಯದ ಸ್ನಾಯುಗಳನ್ನು ಸಂಕುಚಿಸುತ್ತದೆ. ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದು, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಗರ್ಭಪಾತವೂ ಕಂಡುಬಂದಿದೆ. ಸುಖಪ್ರಸವಕ್ಕಾಗಿ ವಾಸಾ ಬೇರಿನ ಲೇಪವನ್ನು ಹೇಳಿದ ಪ್ರಾಚೀನ ವೈದ್ಯರಿಗೆ ಈ ಗುಣದ ಅರಿವು ಇದ್ದಿರಬೇಕು. ಆದಕಾರಣ ಗರ್ಭಿಣಿಯರು ಕೆಮ್ಮಿಗೆಂದು ಆಡುಸೋಗೆಯ ರಸ, ಕಷಾಯ ಅಥವಾ ಅದನ್ನೊಳಗೊಂಡ ಸಿರಪ್, ಲೇಹ್ಯ, ಅರಿಷ್ಟಗಳನ್ನು ಸೇವಿಸಬಾರದು. ಮನೆಮದ್ದೆಂದು ಹಿರಿಯರು ವಾತ್ಸಲ್ಯದಿಂದ ಕೊಟ್ಟರೂ ಬೇಡ. ಖರೀದಿಸುವ ಮುನ್ನ ಸೀಸೆಯ ಮೇಲಿನ ಘಟಕಗಳ ಪಟ್ಟಿಯಲ್ಲಿ 'ವಾಸಾ', 'ವಾಸಕ', 'ಅಡುಳಸಾ' ಎಂಬ ಹೆಸರುಗಳಿವೆಯೇ ಎಂದು ನೋಡತಕ್ಕದ್ದು.

ಉಬ್ಬಸದ ರೋಗಿಗಳು ವೈದ್ಯರು ಸೂಚಿಸಿದ ಇನ್‌ಹೇಲರನ್ನು ನಿಲ್ಲಿಸಿ ಇದನ್ನು ಅವಲಂಬಿಸಬಾರದು. ಮಾತನಾಡಲೂ ಆಗದಷ್ಟು ಏದುಸಿರು ಬಂದಲ್ಲಿ ಅಥವಾ ತುಟಿ ನೀಲಿಗಟ್ಟಿದಲ್ಲಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕಫದಲ್ಲಿ ರಕ್ತ ಕಂಡರೆ ಅಥವಾ ಕೆಮ್ಮು ಎರಡು ವಾರ ಮೀರಿದರೆ ಕ್ಷಯರೋಗದ ಪರೀಕ್ಷೆ ಅವಶ್ಯಕ. ಒಂದು ವರ್ಷದೊಳಗಿನ ಶಿಶುಗಳಿಗೆ ಜೇನುತುಪ್ಪ ಕೊಡಬಾರದಾದ್ದರಿಂದ ಜೇನು ಬೆರೆಸಿದ ರಸವನ್ನೂ ಕೊಡುವಂತಿಲ್ಲ.

ಸೂಚನೆ: ಆಡುಮುಟ್ಟದ ಬಳ್ಳಿ ಎಂಬುದು ಬೇರೆಯೇ ಸಸ್ಯ. ಅದನ್ನೂ ಉಬ್ಬಸಕ್ಕೆ ಬಳಸುವುದುಂಟು, ಆದರೆ ಅದು ವಾಂತಿ ತರಿಸುತ್ತದೆ. ಹೆಸರಿನ ಹೋಲಿಕೆಯಿಂದ ಒಂದರ ಬದಲು ಇನ್ನೊಂದನ್ನು ಕೀಳದಂತೆ ಗಿಡ ಬಲ್ಲವರಿಗೆ ತೋರಿಸಿ ಖಚಿತಪಡಿಸಿಕೊಳ್ಳುವುದು.