ಲೋಲಕದ ದಾರದಲ್ಲಿ ಅಳೆದ ನಾಡಿ

ಕುಳಿತಿದ್ದಾಗ ಒಮ್ಮೆ ನಾಡಿ ಎಣಿಸುವುದು, ಮೈದಾನಕ್ಕೆ ಎರಡು ಸುತ್ತು ಓಡಿಬಂದು ಇನ್ನೊಮ್ಮೆ ಎಣಿಸುವುದು. ವ್ಯಾಯಾಮಕ್ಕೂ ಹೃದಯ ಬಡಿತಕ್ಕೂ ಇರುವ ಸಂಬಂಧವನ್ನು ತೋರಿಸಲು ಇಷ್ಟು ಸಾಕು. ಆದರೆ ಸೆಕೆಂಡಿನ ಮುಳ್ಳಿರುವ ಗಡಿಯಾರವೇ ಇಲ್ಲದಿದ್ದರೆ? ಶತಮಾನಗಳ ಕಾಲ ವೈದ್ಯರ ಸ್ಥಿತಿ ಇದೇ ಆಗಿತ್ತು. ಕ್ರಿ.ಪೂ. 3ನೆಯ ಶತಮಾನದ ಹೊತ್ತಿಗೆ ಅಲೆಕ್ಸಾಂಡ್ರಿಯದ ಹೆರೋಫಿಲಸ್ ನೀರುಗಡಿಯಾರ ಬಳಸಿದನೆಂಬ ಉಲ್ಲೇಖವಿದೆಯಾದರೂ ಆ ಪದ್ಧತಿ ಬೇರೂರಲಿಲ್ಲ.

ಗೆಲಿಲಿಯೊ ತನ್ನ ನಾಡಿಯಿಂದ ಚರ್ಚಿನ ದೀಪದ ತೂಗಾಟವನ್ನು ಅಳೆದ ಕಥೆ ನಿಮಗೆ ಗೊತ್ತು. (ಅದನ್ನು ಬರೆದವನು ಅವನ ಶಿಷ್ಯ ವಿವಿಯಾನಿ, ಎಷ್ಟು ನಿಜವೋ!) ಪಾದುವದ ವೈದ್ಯ ಸಾಂಟೋರಿಯೊ (1561–1636) ಇದನ್ನು ತಿರುಗಿಸಿದ: ತೂಗಾಟದಿಂದ ನಾಡಿಯನ್ನು ಅಳೆದ. ಅವನ 'ಪಲ್ಸಿಲೋಜಿಯಂ' ಎಂದರೆ ದಾರಕ್ಕೆ ಕಟ್ಟಿದ ಒಂದು ಗುಂಡು. ತೂಗಾಟವು ರೋಗಿಯ ನಾಡಿಗೆ ಸರಿಹೊಂದುವವರೆಗೆ ದಾರವನ್ನು ಉದ್ದ ಅಥವಾ ಗಿಡ್ಡ ಮಾಡುವುದು. ಕೊನೆಗೆ ಉಳಿದ ದಾರದ ಉದ್ದವೇ ಅಳತೆ. 'ನಿಮಿಷಕ್ಕೆ ಇಷ್ಟು' ಎಂಬ ಮಾತೇ ಅಲ್ಲಿಲ್ಲ.

ಭೌತವಿಜ್ಞಾನದ ಅಧ್ಯಾಪಕರಿಗೆ ಇಲ್ಲೊಂದು ಒಳ್ಳೆಯ ಪಾಠವಿದೆ. ಲೋಲಕದ ಅವಧಿ ಉದ್ದದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಅತ್ತ ಒಂದು ಬಡಿತ, ಇತ್ತ ಒಂದು ಬಡಿತ ಎಂದು ಹೊಂದಿಸಿದರೆ, ನಿಮಿಷಕ್ಕೆ 60 ಬಡಿತಕ್ಕೆ ಸುಮಾರು 99 ಸೆಂ.ಮೀ. ದಾರ ಬೇಕು, 75ಕ್ಕೆ 64 ಸೆಂ.ಮೀ.; ಓಡಿಬಂದ ಹುಡುಗನ 120ಕ್ಕೆ ಬರೀ 25 ಸೆಂ.ಮೀ. ಬಡಿತ ದುಪ್ಪಟ್ಟಾದರೆ ದಾರ ಕಾಲುಭಾಗ! ನಿಮಿಷದ ಲೆಕ್ಕವನ್ನು ರೂಢಿಗೆ ತರಲು ಯತ್ನಿಸಿದವನು ಇಂಗ್ಲೆಂಡಿನ ಜಾನ್ ಫ್ಲಾಯರ್. ಒಂದು ನಿಮಿಷ ಓಡುವ ಗಡಿಯಾರ ಮಾಡಿಸಿ, 1707ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದ.

ಬಡಿತ ಏರುವುದೇಕೆ? ವೇಗಸ್ ನರವನ್ನು ಪ್ರಚೋದಿಸಿದರೆ ಹೃದಯ ನಿಧಾನವಾಗುತ್ತದೆಂದು ವೆಬರ್ ಸಹೋದರರು 1845ರಲ್ಲಿ ತೋರಿಸಿದರು. ಓಟ ಆರಂಭವಾದೊಡನೆ ಮೊದಲು ಈ ಕಡಿವಾಣ ಸಡಿಲುತ್ತದೆ. ಅನಂತರ ಅನುವೇದನಾ ನರಗಳು ಹೃದಯವನ್ನು ಇನ್ನಷ್ಟು ಚುರುಕುಗೊಳಿಸುತ್ತವೆ.

ಈಗ ತರಗತಿಗಳಲ್ಲಿ ಕೇಳಿಬರುವ ಸೂತ್ರವನ್ನು ನೋಡೋಣ: ಗರಿಷ್ಠ ಬಡಿತ = 220 – ವಯಸ್ಸು. ಇದಕ್ಕೆ ಸಾಮಾನ್ಯವಾಗಿ ಆಧಾರವೆಂದು ಹೇಳುವುದು ಫಾಕ್ಸ್, ನಾಟನ್ ಮತ್ತು ಹ್ಯಾಸ್ಕೆಲ್ ಅವರ 1971ರ ಲೇಖನ. ಅಲ್ಲಿರುವುದು ಬೇರೆಯವರ ಅಂಕಿಗಳ ನಡುವೆ ಕಣ್ಣಂದಾಜಿನಲ್ಲಿ ಎಳೆದ ಗೆರೆ! ವಯಸ್ಕರ ಕುರಿತ 351 ಅಧ್ಯಯನಗಳನ್ನು ಕ್ರೋಡೀಕರಿಸಿ ತನಾಕ ಮತ್ತು ಸಂಗಡಿಗರು 2001ರಲ್ಲಿ 208 – 0.7 × ವಯಸ್ಸು ಎಂಬ ಸೂತ್ರ ಕೊಟ್ಟರು. 60ರ ವ್ಯಕ್ತಿಗೆ ಹಳೆಯದು 160 ಎಂದರೆ ಹೊಸದು 166 ಎನ್ನುತ್ತದೆ. ಎರಡೂ ಸರಾಸರಿಗಳೇ, ಒಂದೇ ವಯಸ್ಸಿನ ಇಬ್ಬರ ನಡುವೆ 10–20 ಬಡಿತಗಳ ಅಂತರ ಅಸಹಜವೇನಲ್ಲ.

ಆದ್ದರಿಂದ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಇಡೀ ತರಗತಿ 72 ಎಂದು ಬರೆದಿದ್ದರೆ ಅನುಮಾನಿಸಿ. 88 ಬರೆದವಳಿಗೆ ಕೆಂಪು ಗೆರೆ ಬೇಡ. ಓಟ ನಿಂತೊಡನೆ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಲಿ. ಒಂದು ಬಡಿತ ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ, ಅದನ್ನೂ ಬರೆಯಲಿ. ಹಾಗೆಂದು ಪೂರ್ತಿ ನಿಮಿಷ ಎಣಿಸಿದರೆ ಅಷ್ಟರಲ್ಲಿ ನಾಡಿಯೇ ಇಳಿದಿರುತ್ತದೆ.