ತೊಳೆದದ್ದು ಯಾವುದರಿಂದ?

ಉರ್ದುವಿನಲ್ಲಿ ಸಾಫ್ ಎಂಬುದು ಒಂದು ಮಾತು, ಪಾಕ್ ಎಂಬುದು ಇನ್ನೊಂದು. ಕೊಳೆ ಹೋದರೆ ಬಟ್ಟೆ ಸಾಫ್ ಆಯಿತು. ನಮಾಝಿಗೆ ಮಾತ್ರ ಅದು ಪಾಕ್ ಆಗಿರಬೇಕು. ಬೆಳ್ಳಗೆ ಹೊಳೆಯುವ ಬಟ್ಟೆ ನಾಪಾಕ್ ಆಗಿರಬಹುದು. ಕೆಸರು ಮೆತ್ತಿದ ರೈತನ ಪಂಚೆ ಪಾಕ್ ಆಗಿರಬಹುದು. ಉರ್ದು, ಕನ್ನಡ ಎರಡನ್ನೂ ಶಾಲೆಯಲ್ಲಿ ಕಲಿತ ನಮಗೆ ಇದನ್ನು ಕನ್ನಡಕ್ಕೆ ತರುವಾಗಲೆಲ್ಲ ಪೇಚಾಟ. ಸ್ವಚ್ಛ, ಮಡಿ ಎಂಬ ಜೋಡಿ ಹತ್ತಿರ ಬರುತ್ತದೆ. ಆದರೆ ಮಡಿಯೊಳಗೆ ಮುಟ್ಟಿದವರ ಜಾತಿಯ ಪ್ರಶ್ನೆ ನುಸುಳುತ್ತದೆ. ಪಾಕಿಯ ಪ್ರಶ್ನೆ ತಾಗಿದ ವಸ್ತುವಿನ ಬಗ್ಗೆ. ಮುಟ್ಟಿದ ಮನುಷ್ಯನ ಕುಲ ಅಲ್ಲಿ ಲೆಕ್ಕಕ್ಕಿಲ್ಲ.

2022ರ ಯುಗಾದಿಯ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹಲಾಲ್ ಕುರಿತು ಎದ್ದ ಗದ್ದಲ ಕುರಿಯ ಕತ್ತು ಮತ್ತು ಕಟುಕನ ಕತ್ತಿಯ ನಡುವೆಯೇ ಸಿಕ್ಕಿಕೊಂಡಿತ್ತು. ವಿರೋಧಿಸಿದವರೂ ಸಮರ್ಥಿಸಿದವರೂ ಅದರಾಚೆ ಹೆಚ್ಚು ನೋಡಲಿಲ್ಲ. ಆದರೆ ಬಿಸ್ಕತ್ತು, ಐಸ್‌ಕ್ರೀಂ, ಮಸಾಲೆ ಪುಡಿಯಂಥ, ಮಾಂಸದ ಸುಳಿವೇ ಇಲ್ಲದ ಪದಾರ್ಥ ತಯಾರಿಸುವ ಕಾರ್ಖಾನೆಗೂ ಹಲಾಲ್ ಪರಿಶೀಲಕರು ಹೋಗುತ್ತಾರೆ. ಅವರು ಕೇಳುವ ಪ್ರಶ್ನೆಗಳಲ್ಲೊಂದು: ಈ ಯಂತ್ರವನ್ನು ಯಾವುದರಿಂದ ತೊಳೆದಿರಿ? ಸಾಬೂನಿನ ದ್ರಾವಣ, ಕ್ರಿಮಿನಾಶಕ, ಕೈಗೆ ಹಚ್ಚುವ ದ್ರವ, ಉಜ್ಜುವ ಬ್ರಷ್ಷು, ಎಲ್ಲಕ್ಕೂ ಲೆಕ್ಕ ಕೇಳುತ್ತಾರೆ. ಇದು ಸರ್ಟಿಫಿಕೇಟ್ ಯುಗ ತಂದ ಹೊಸ ಕಿರಿಕಿರಿ ಎಂದು ಭಾವಿಸುವವರಿದ್ದಾರೆ. ಪ್ರಶ್ನೆ ಬಹಳ ಹಳೆಯದು.

ನಮ್ಮ ಅಜ್ಜಿಯಂದಿರು ಇದನ್ನು ಕೇಳಿಕೊಳ್ಳಲಿಲ್ಲ, ಏಕೆಂದರೆ ಉತ್ತರ ಕಣ್ಣೆದುರೇ ಇತ್ತು. ಪಾತ್ರೆಗೆ ಒಲೆಯ ಬೂದಿ ಮತ್ತು ತೆಂಗಿನ ನಾರು, ತಾಮ್ರಕ್ಕೆ ಹುಣಸೆಹಣ್ಣು, ತಲೆಗೆ ಸೀಗೆಕಾಯಿ, ರೇಷ್ಮೆ ಸೀರೆಗೆ ಅಂಟುವಾಳ, ಅಗಸರ ಹಳ್ಳಕ್ಕೆ ಚೌಳು ಮಣ್ಣು. ಯಾವುದು ಎಲ್ಲಿಂದ ಬಂತೆಂದು ಮನೆಯ ಮಕ್ಕಳಿಗೂ ಗೊತ್ತಿತ್ತು. ಫಿಕ್ಹ್ ಗ್ರಂಥಗಳ ತಹಾರತ್ ಅಧ್ಯಾಯಗಳು ಇಂಥ ಲೋಕವನ್ನೇ ಎದುರಿಗಿಟ್ಟುಕೊಂಡು ಬರೆದವು. ನೀರಿನ ಬಣ್ಣ ಕೆಟ್ಟಿದೆಯೇ, ರುಚಿ ಕೆಟ್ಟಿದೆಯೇ, ವಾಸನೆ ಬಂದಿದೆಯೇ ನೋಡು ಎನ್ನುತ್ತವೆ. ಕಣ್ಣು, ನಾಲಿಗೆ, ಮೂಗು: ಆ ಕಾಲದ ಪ್ರಯೋಗಾಲಯ ಅಷ್ಟೇ.

ತೊಡಕು ತಂದದ್ದು ಸಾಬೂನು. ಎಣ್ಣೆ ಅಥವಾ ಕೊಬ್ಬಿಗೆ ಕ್ಷಾರ ಸೇರಿಸಿ ಕುದಿಸಿದರೆ ಸಾಬೂನಾಗುತ್ತದೆ. ಆದ ಮೇಲೆ ಮೂಲದ ಎಣ್ಣೆ ಯಾವುದೆಂದು ಕಣ್ಣಿಗೂ ಮೂಗಿಗೂ ಸುಲಭವಾಗಿ ತಿಳಿಯದು. ಪ್ಯಾಲೆಸ್ಟೀನಿನ ನಬ್ಲುಸ್ ನಗರದಲ್ಲಿ ಈ ಸಂಶಯಕ್ಕೆ ಎಡೆ ಕಡಿಮೆ. ಅಲ್ಲಿಯ ಸಾಬೂನಿಗೆ ಆಲಿವ್ ಎಣ್ಣೆ, ಒಂದು ಬಗೆಯ ಚೌಳು ಗಿಡದ ಬೂದಿ, ಸುಣ್ಣ, ನೀರು. ಕುದಿಸಿದ ಪಾಕವನ್ನು ಮಹಡಿಯ ನೆಲದ ಮೇಲೆ ಹರಡಿ, ಆರಿದ ಮೇಲೆ ಕತ್ತರಿಸಿ, ಮುದ್ರೆ ಒತ್ತಿ, ಗಾಳಿಯಾಡುವಂತೆ ಗೋಪುರಗಳಾಗಿ ಪೇರಿಸುತ್ತಿದ್ದರು. ಈಜಿಪ್ಟಿಗೂ ಹಿಜಾಝಿಗೂ ಅದು ಹೋಗುತ್ತಿತ್ತು. ಸಿರಿಯಾದ ಅಲೆಪ್ಪೊದವರು ಇದೇ ಬಗೆಯ ಸಾಬೂನಿಗೆ ಲಾರೆಲ್ ಎಣ್ಣೆ ಬೆರೆಸಿದರು. 2002ರ ಏಪ್ರಿಲ್‌ನಲ್ಲಿ ಇಸ್ರೇಲಿ ಸೇನೆ ನುಗ್ಗಿದಾಗ ನಬ್ಲುಸ್‌ನ ಹಳೆಯ ಸಾಬೂನು ಕಾರ್ಖಾನೆಗಳಲ್ಲಿ ಕೆಲವು ನೆಲಸಮವಾದವು. 2024ರಲ್ಲಿ ಯುನೆಸ್ಕೊ ಈ ಎರಡೂ ಊರುಗಳ ಸಾಬೂನು ಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಎಣ್ಣೆಗೇ ಏನಾದರೂ ಬಿದ್ದು ಅದು ನಾಪಾಕ್ ಆಗಿದ್ದರೆ? ಸಾಬೂನಿನ ನಾಡಿನಲ್ಲೇ ಬದುಕಿದ ಹನಫಿ ಪಂಡಿತರಿಗೆ ಇದು ದಿನನಿತ್ಯದ ಪ್ರಶ್ನೆ. 17ನೇ ಶತಮಾನದಲ್ಲಿ ಡಮಾಸ್ಕಸ್‌ನ ಅಲಾವುದ್ದೀನ್ ಹಸ್ಕಫಿ ತಮ್ಮ ದುರ್ರುಲ್ ಮುಖ್ತಾರ್‌ನಲ್ಲಿ ಇದಕ್ಕೆ ಉತ್ತರ ಬರೆದರು. ಅದೇ ಊರಿನ ಇಬ್ನ್ ಆಬಿದೀನ್ 19ನೇ ಶತಮಾನದಲ್ಲಿ ಅದಕ್ಕೆ ಬರೆದ ದೊಡ್ಡ ವ್ಯಾಖ್ಯಾನದಲ್ಲಿ ವಿಷಯವನ್ನು ಮತ್ತೆ ಬಿಡಿಸಿದರು. ನಾಪಾಕ್ ಎಣ್ಣೆ ಸಾಬೂನಾದರೆ ಅದರ ಮೂಲ ಸ್ವರೂಪವೇ ಅಳಿಯಿತು, ಆದ್ದರಿಂದ ಸಾಬೂನು ಪಾಕ್ ಎಂಬುದು ಅವರ ನಿಲುವು. ಮದ್ಯ ಹುಳಿತು ಸಿರ್ಕಾ ಆದಂತೆ, ಉಪ್ಪಿನ ಗಣಿಗೆ ಬಿದ್ದ ಕತ್ತೆ ಉಪ್ಪೇ ಆಗಿಬಿಟ್ಟಂತೆ. ಈ ಸ್ವರೂಪ ಬದಲಾವಣೆಗೆ ಇಸ್ತಿಹಾಲಾ ಎನ್ನುತ್ತಾರೆ. ಎಲ್ಲರೂ ಬಳಸುವ, ತಪ್ಪಿಸಿಕೊಳ್ಳಲಾಗದ ವಸ್ತುವಿನಲ್ಲಿ ಜನರನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದೆಂಬ ಕಾಳಜಿಯೂ ಆ ತೀರ್ಪಿನ ಹಿಂದಿತ್ತು. ಶಾಫಿಈ ಪಂಡಿತರು ಈ ಬಾಗಿಲನ್ನು ಇಷ್ಟು ಅಗಲವಾಗಿ ತೆರೆಯಲಿಲ್ಲ. ತಾನಾಗಿ ಸಿರ್ಕಾ ಆದ ಮದ್ಯ, ಹದ ಮಾಡಿದ ಚರ್ಮ ಮುಂತಾದ ಕೆಲವನ್ನು ಒಪ್ಪಿ ಉಳಿದವನ್ನು ಹೊರಗಿಟ್ಟರು. ಈ ವ್ಯತ್ಯಾಸವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಆಲಿವ್ ಬೆಳೆಯದ ಉತ್ತರ ಯುರೋಪಿನಲ್ಲಿ ಸಾಬೂನಿಗೆ ಟ್ಯಾಲೋ, ಅಂದರೆ ದನ ಕುರಿಗಳ ಕೊಬ್ಬು, ಸಾಮಾನ್ಯವಾಗಿತ್ತು. ಫ್ರಾನ್ಸಿನ ಮಾರ್ಸೇಯ್ ನಗರದ ಸಾಬೂನಿಗೆ ಪ್ರಾಣಿಕೊಬ್ಬು ಬೆರೆಸಬಾರದೆಂದು 1688ರಲ್ಲಿ ರಾಜಾಜ್ಞೆಯೇ ಆಗಿತ್ತು. ಧರ್ಮದ ಕಾರಣಕ್ಕಲ್ಲ, ಗುಣಮಟ್ಟದ ಹೆಸರು ಉಳಿಸಲು. ಇಲ್ಲಿ ನಮ್ಮ ದೇಶಕ್ಕೆ 1888ರಲ್ಲಿ ಲಿವರ್ ಬ್ರದರ್ಸ್‌ನ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಕಲ್ಕತ್ತಾ ಬಂದರಿನಲ್ಲಿ ಇಳಿದವು. ಆಗ 1857 ಮುಗಿದು ಮೂವತ್ತು ವರ್ಷವಷ್ಟೇ ಆಗಿತ್ತು. ತೋಟಾಕ್ಕೆ ಸವರಿದ ಕೊಬ್ಬು ಹಸುವಿನದೋ ಹಂದಿಯದೋ ಎಂಬ ಅನುಮಾನ ಹಿಂದೂ ಮುಸ್ಲಿಂ ಸಿಪಾಯಿಗಳನ್ನು ಒಟ್ಟಿಗೆ ಕೆರಳಿಸಿದ ನೆನಪು ಇನ್ನೂ ಹಸಿಯಾಗಿತ್ತು. ವಿದೇಶಿ ಸಾಬೂನಿನ ಬಗ್ಗೆ ಬ್ರಾಹ್ಮಣರ ಮನೆಯಲ್ಲೂ ಸಾಬರ ಮನೆಯಲ್ಲೂ ಇದ್ದ ಅಳುಕು ಒಂದೇ ಬೇರಿನದು. ಇದು ಮುಸ್ಲಿಮರ ವಿಶೇಷ ಶಂಕಾಸ್ವಭಾವ ಎನ್ನುವವರು ಇದನ್ನು ಮರೆಯುತ್ತಾರೆ.

ಸ್ವದೇಶಿ ಚಳವಳಿಯ ಬೆನ್ನಿಗೆ ಸಸ್ಯಜನ್ಯ ಎಣ್ಣೆಯ ಸಾಬೂನುಗಳು ಬಂದವು. ಮುಂಬಯಿಯಲ್ಲಿ ಗೋದ್ರೆಜ್ ಕಂಪೆನಿ ಪ್ರಾಣಿಕೊಬ್ಬು ಇಲ್ಲವೆಂಬುದನ್ನೇ ಹೇಳಿಕೊಂಡು ಮಾರಾಟಕ್ಕಿಳಿಯಿತು. ಮೈಸೂರು ಸಂಸ್ಥಾನದಲ್ಲಿ ಕತೆ ಬೇರೆ. ಮೊದಲನೆಯ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತು ಕೊರಡುಗಳು ರಾಶಿ ಬಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು 1916ರಲ್ಲಿ ಗಂಧದೆಣ್ಣೆ ತೆಗೆಯುವ ಏರ್ಪಾಡು ಮಾಡಿದರು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನು ವಿದ್ಯೆ ಕಲಿತು ಬಂದರು. ಆ ಮೈಸೂರು ಸ್ಯಾಂಡಲ್ ಸಾಬೂನು ಜಾತಿ ಧರ್ಮ ಎನ್ನದೆ ನಮ್ಮೆಲ್ಲರ ಬಚ್ಚಲುಮನೆಗೆ ಬಂತು.

ಕೊಬ್ಬಿನ ಪ್ರಶ್ನೆ ಬಚ್ಚಲಿನಿಂದ ಅಡುಗೆಮನೆಗೆ ದಾಟಿದ್ದು 1983ರಲ್ಲಿ. ಹೊರದೇಶದಿಂದ ತರಿಸಿದ ದನದ ಟ್ಯಾಲೋ ವನಸ್ಪತಿಗೆ ಕಲಬೆರಕೆಯಾದ ಸುದ್ದಿಗೆ ದೇಶವೇ ಎದ್ದು ಕುಳಿತಿತು. ಸರ್ಕಾರ ಟ್ಯಾಲೋ ಆಮದನ್ನು ನಿಷೇಧಿಸಿತು. ಸಾಬೂನಿಗೆ ಬೇಕಾದ ಕೊಬ್ಬೇ ಊಟದ ಎಣ್ಣೆಯಲ್ಲೂ ಕಾಣಿಸಿಕೊಂಡದ್ದು ಒಂದು ಗೋದಾಮಿನಲ್ಲಿ ಯಾವುದರ ಪಕ್ಕ ಯಾವುದಿದೆ ಎಂಬುದು ಸಣ್ಣ ವಿಷಯವಲ್ಲ ಎಂದು ತೋರಿಸಿತು.

ಇಂಥದೇ ಬೆಚ್ಚು ಇಂಡೊನೇಷ್ಯಾಕ್ಕೆ 1988ರಲ್ಲಿ ತಟ್ಟಿತು. ಮಲಾಂಗ್‌ನ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಹಲವು ತಿಂಡಿಗಳಲ್ಲಿ ಹಂದಿ ಮೂಲದ ಅಂಶಗಳ ಶಂಕೆ ಎತ್ತಿದಾಗ ಮಾರಾಟ ಕುಸಿಯಿತು. ಮರುವರ್ಷ, 1989ರ ಜನವರಿಯಲ್ಲಿ, ಅಲ್ಲಿಯ ಉಲಮಾ ಮಂಡಳಿ ಪರೀಕ್ಷಾ ಸಂಸ್ಥೆಯೊಂದನ್ನು ಕಟ್ಟಿತು. ಆದರೂ 2000ದ ಕೊನೆಗೆ ಅಜಿನೊಮೊಟೊ ಪ್ರಕರಣ ಸ್ಫೋಟಿಸಿತು. ಅವರ ಪುಡಿಯಲ್ಲಿ ಹಂದಿಯ ಅಂಶವಿತ್ತೆಂದು ಯಾರೂ ಹೇಳಲಿಲ್ಲ. ಪುಡಿ ತಯಾರಿಸಲು ಬೇಕಾದ ಬ್ಯಾಕ್ಟೀರಿಯಾವನ್ನು ಕಾಪಿಡುವ ಆಹಾರದಲ್ಲಿ ಒಂದು ಸೋಯಾ ವಸ್ತುವಿತ್ತು. ಆ ಸೋಯಾವನ್ನು ಒಡೆಯಲು ಹಂದಿಯ ಮೇದೋಜೀರಕದ ಕಿಣ್ವ ಬಳಸಲಾಗಿತ್ತು. ಕಂಪೆನಿ ಹಳೆಯ ವಸ್ತುವಿನ ಬದಲು ಇದನ್ನು ತಂದಿತ್ತು. ಮಂಡಳಿ ಹರಾಮ್ ಎಂದಿತು, ಅಧಿಕಾರಿಗಳು ಬಂಧನಕ್ಕೊಳಗಾದರು, ಸರಕು ಅಂಗಡಿಗಳಿಂದ ವಾಪಸಾಯಿತು. ಸ್ವತಃ ಆಲಿಮ್ ಆಗಿದ್ದ ಅಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್, ಕೊನೆಯ ಪದಾರ್ಥದಲ್ಲಿ ಹಂದಿಯ ಅಂಶವಿಲ್ಲ, ಹಲಾಲೇ ಎಂದರು. ಡಮಾಸ್ಕಸ್‌ನ ಹಳೆಯ ವಾದ ಜಕಾರ್ತಾದಲ್ಲಿ ಮತ್ತೆ ನಡೆದಂತಾಯಿತು. ಗೆದ್ದದ್ದು ಕಟ್ಟುನಿಟ್ಟಿನ ಪಕ್ಷ. ಕಂಪೆನಿ ಬೇರೆ ವಸ್ತುವಿಗೆ ಬದಲಾಯಿಸಿಕೊಂಡ ಮೇಲೆ 2001ರಲ್ಲಿ ಮತ್ತೆ ಹಲಾಲ್ ಮಾನ್ಯತೆ ಸಿಕ್ಕಿತು.

ಮಲೇಷ್ಯಾ, ಇಂಡೊನೇಷ್ಯಾ ಎರಡೂ ಶಾಫಿಈ ನಾಡುಗಳು. ಹಲಾಲ್ ಉತ್ಪಾದನೆಯ ಇಂದಿನ ನಿಯಮಾವಳಿಗಳಲ್ಲಿ ಬಹುಪಾಲು ಅಲ್ಲೇ ರೂಪುಗೊಂಡಿರುವುದರಿಂದ ಆ ಛಾಪು ಅವುಗಳ ಮೇಲಿದೆ. 1997ರ ಅಂತರರಾಷ್ಟ್ರೀಯ ಕೋಡೆಕ್ಸ್ ಮಾರ್ಗಸೂಚಿ, ಹಿಂದೆ ಹಲಾಲ್ ಅಲ್ಲದ್ದನ್ನು ತಯಾರಿಸಿದ ಯಂತ್ರವನ್ನು ಇಸ್ಲಾಮಿನ ರೀತಿಯಲ್ಲಿ ತೊಳೆದು ಬಳಸಬಹುದು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. 2000ದಲ್ಲಿ ಮೊದಲು ಬಂದು ಆಮೇಲೆ ಪರಿಷ್ಕರಣೆಗೊಂಡ ಮಲೇಷ್ಯಾದ ಎಂಎಸ್ 1500 ಮಾನದಂಡ ವಿವರಕ್ಕಿಳಿಯುತ್ತದೆ. ಹಂದಿ ಮಾಂಸ ಹರಿದ ಯಂತ್ರವಾದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಿಂದ. ಹಾಗೆ ತೊಳೆದು ಹಲಾಲ್‌ಗೆ ತಿರುಗಿಸಿದ ಯಂತ್ರವನ್ನು ಮತ್ತೆ ಅತ್ತ, ಮತ್ತೆ ಇತ್ತ ಎಂದು ಬದಲಾಯಿಸುತ್ತಿರುವಂತಿಲ್ಲ. ನಾಯಿ ನೆಕ್ಕಿದ ಪಾತ್ರೆಯ ಕುರಿತ ಹದೀಸ್ ಇದಕ್ಕೆ ಮೂಲ. ಶಾಫಿಈ ಪಂಡಿತರು ಅದನ್ನು ಹಂದಿಗೂ ವಿಸ್ತರಿಸಿದರು. ಹನಫಿಗಳಿಗೆ ಮೂರು ಸಲ ತೊಳೆದರೆ ಸಾಕು, ಮಣ್ಣು ಕಡ್ಡಾಯವಲ್ಲ. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿಈಗಳು, ಘಟ್ಟದ ಮೇಲಿನವರಲ್ಲಿ ಹೆಚ್ಚಿನವರು ಹನಫಿಗಳು. ಆಗುಂಬೆ ಹತ್ತಿ ಇಳಿಯುವಷ್ಟರಲ್ಲಿ ತೊಳೆಯುವ ಲೆಕ್ಕ ಬದಲಾಗುತ್ತದೆ ಎಂದು ನಾವು ತಮಾಷೆ ಮಾಡುವುದುಂಟು.

ಯಂತ್ರದ ನಳಿಗೆಗಳಿಗೆ ಮಣ್ಣು ಹೋಗುವುದೆಂದರೆ ಎಂಜಿನಿಯರುಗಳಿಗೆ ಜ್ವರ ಬಂದಂತೆ. ಮಣ್ಣು ಉಕ್ಕನ್ನು ಸವೆಸುತ್ತದೆ, ಸಂದಿಗಳಲ್ಲಿ ಕೂರುತ್ತದೆ, ತನ್ನದೇ ಸೂಕ್ಷ್ಮಜೀವಿಗಳನ್ನು ಹೊತ್ತು ತರುತ್ತದೆ. ಮಲೇಷ್ಯಾದವರು ಇದಕ್ಕೆ ದಾರಿ ಕಂಡುಕೊಂಡರು. ಶುದ್ಧೀಕರಿಸಿದ ಜೇಡಿಮಣ್ಣು ಬೆರೆಸಿದ ಸಾಬೂನನ್ನೇ ಮಾಡಿದರು, ಮಾನದಂಡವೂ ಮಣ್ಣಿನ ಅಂಶವಿರುವ ವಸ್ತುವನ್ನು ಒಪ್ಪಿತು.

ಬ್ರಷ್ಷಿನದು ಇನ್ನೊಂದು ಕತೆ. ಹಂದಿಯ ಗಡಸು ಕೂದಲು ಬ್ರಷ್ಷಿಗೆ ಹೇಳಿ ಮಾಡಿಸಿದ್ದು. 2017ರಲ್ಲಿ ಮಲೇಷ್ಯಾದ ಅಧಿಕಾರಿಗಳು ಹಾಗೆಂದು ನಮೂದಿಸದೆ ಮಾರುತ್ತಿದ್ದ ಬ್ರಷ್ಷುಗಳನ್ನು ಅಂಗಡಿಗಳಿಂದ ಜಪ್ತಿ ಮಾಡಿದರು. 12ನೇ ಶತಮಾನದ ಮರ್ಗೀನಾನಿಯವರ ಹಿದಾಯಾ ಗ್ರಂಥದಲ್ಲಿ ಮೋಚಿಗಳು ಚಪ್ಪಲಿ ಹೊಲಿಯಲು ಇದೇ ಕೂದಲನ್ನು ಬಳಸುವ ಮಾತು ಬರುತ್ತದೆ. ಬೇರೆಯದರಿಂದ ಆ ಕೆಲಸ ಆಗುವುದಿಲ್ಲವಾದ್ದರಿಂದ ಬಳಸಲಿ ಎಂಬ ರಿಯಾಯಿತಿಯೂ ಇದೆ. ಇಂದು ನೈಲಾನ್ ಇದೆ, ಹಾಗಾಗಿ ಆ ರಿಯಾಯಿತಿಯ ಕಾರಣ ಹೋಯಿತು. ಕಾನೂನು ಬರೆದವರಿಗೆ ಮೋಚಿಯ ಕಷ್ಟ ಗೊತ್ತಿತ್ತು ಎಂಬುದು ನಮಗೆ ಮುಖ್ಯವೆನಿಸುತ್ತದೆ.

ಆಲ್ಕೊಹಾಲ್ ಬಗ್ಗೆ ಜನರಲ್ಲಿ ಹೆದರಿಕೆ ಹೆಚ್ಚು, ವಾಸ್ತವದಲ್ಲಿ ತೊಡಕು ಕಡಿಮೆ. ಮಕ್ಕಾದಲ್ಲಿ 2002ರಲ್ಲಿ ಸೇರಿದ್ದ ಫಿಕ್ಹ್ ಪರಿಷತ್ತು ಔಷಧ ಮತ್ತು ಸೋಂಕು ನಿವಾರಣೆಯ ಬಳಕೆಗೆ ಅನುವು ಮಾಡಿತ್ತು. 2020ರ ಕೊರೊನಾ ಕಾಲದಲ್ಲಿ ಮಸೀದಿ ಬಾಗಿಲಲ್ಲೇ ಸ್ಯಾನಿಟೈಸರ್ ಬಾಟಲಿಗಳು ನಿಂತವು. ನಿಜವಾಗಿ ಎಚ್ಚರ ಬೇಕಾದದ್ದು ಹೆಸರಿನಲ್ಲಿ ಪ್ರಾಣಿಯ ಸುಳಿವೇ ಇಲ್ಲದ ವಸ್ತುಗಳಲ್ಲಿ. ಕಾಸ್ಟಿಕ್ ಸೋಡಾ, ನೈಟ್ರಿಕ್ ಆಮ್ಲ, ಕ್ಲೋರಿನ್ ದ್ರಾವಣಗಳು ಖನಿಜ ಮೂಲದವು, ಅನುಮಾನವಿಲ್ಲ. ಗ್ಲಿಸರಿನ್, ಸ್ಟಿಯರಿಕ್ ಆಮ್ಲ, ನೊರೆಗೆಂದು ಹಾಕುವ ಕೊಬ್ಬಿನಾಮ್ಲಗಳು, ಕೆಲವು ಅಮೋನಿಯಂ ಕ್ರಿಮಿನಾಶಕಗಳು ತಾಳೆ ಎಣ್ಣೆಯಿಂದಲೂ ಬರುತ್ತವೆ, ಟ್ಯಾಲೋದಿಂದಲೂ ಬರುತ್ತವೆ. ಎರಡರ ಹೆಸರೂ ಒಂದೇ, ಬಣ್ಣವೂ ಒಂದೇ. ಮೂಗು ಇಲ್ಲಿ ಸೋಲುತ್ತದೆ. ಆದ್ದರಿಂದ ತಯಾರಕರ ಘೋಷಣಾಪತ್ರ ಬೇಕು, ಖರೀದಿಯ ದಾಖಲೆ ಬೇಕು, ಗೋದಾಮಿನಲ್ಲಿ ಬೇರೆ ಕಪಾಟು, ಬೀಗ, ಹೆಸರಿನ ಚೀಟಿ ಬೇಕು. ಪೂರೈಕೆದಾರ ಬದಲಾದರೆ ಮತ್ತೆ ಮೊದಲಿನಿಂದ.

ಈ ಕಾಗದಪತ್ರದ ಹೊರೆ ಮನೆಯಲ್ಲಿ ಮಸಾಲೆ ಕುಟ್ಟಿ ಮಾರುವ ಹೆಂಗಸರಿಗೆ ದೊಡ್ಡ ಕಂಪೆನಿಗಿಂತ ಭಾರವಾಗುತ್ತದೆ. ಡಮಾಸ್ಕಸ್‌ನ ಪಂಡಿತರ ಸಡಿಲಿಕೆಯನ್ನು ಇವರಿಗಾದರೂ ನೆನಪಿಸಬೇಕೆಂದು ನಮಗನ್ನಿಸುತ್ತದೆ. ಆದರೆ ಡ್ರಮ್ಮಿನೊಳಗೆ ಏನಿದೆ ಎಂದು ಹೇಳುವ ಹೊಣೆಯಿಂದ ಅದನ್ನು ಮಾರುವ ಕಂಪೆನಿಗೆ ಯಾವ ಇಸ್ತಿಹಾಲಾದಲ್ಲೂ ವಿನಾಯಿತಿ ಕಾಣುವುದಿಲ್ಲ. ಅದನ್ನು ತಿಳಿಯುವ ಹಕ್ಕು ಸಸ್ಯಾಹಾರಿ ಜೈನರಿಗೂ ಲಿಂಗಾಯತರಿಗೂ ನಮ್ಮಷ್ಟೇ ಇದೆ.

ಪರಿಶೀಲನೆಗಳಲ್ಲಿ ಸಾಮಾನ್ಯವಾಗಿ ಸಿಗುವ ತಪ್ಪು ಇಷ್ಟು ದೊಡ್ಡದಿರುವುದಿಲ್ಲ. ದೊಡ್ಡ ಡ್ರಮ್ಮಿನ ಕಾಗದಗಳೆಲ್ಲ ಸರಿಯಾಗಿರುತ್ತವೆ. ರಾತ್ರಿ ಪಾಳಿಯ ಗುತ್ತಿಗೆ ಕೆಲಸದವರು ಅದರಿಂದ ಸಣ್ಣ ಬಾಟಲಿಗೆ ಸುರಿದುಕೊಂಡಿರುತ್ತಾರೆ. ಬಾಟಲಿಯ ಮೇಲೆ ಹೆಸರಿಲ್ಲ. ಒಳಗೇನಿದೆ ಎಂದು ಸುರಿದವರಿಗೆ ಗೊತ್ತು, ಅವರ ಪಾಳಿ ಮುಗಿದಿದೆ.